ರೇಡಿಯೇಟರಿನೊಳಗಿನ ಅರಿಶಿನ

ದಸ್ತಗೀರಸಾಬ ರೇಡಿಯೇಟರಿನ ಮುಚ್ಚಳ ತಿರುವಿ ತೆಗೆದ. ನೀರಿಗೆ ಬೆರಳು ಅದ್ದಿ ಮೂಸಿದ. ಬೆರಳು ಹಳದಿಯಾಗಿತ್ತು. ಗಾಡಿ ಮಾರಲು ಪಕ್ಕದಲ್ಲಿ ನಿಂತಿದ್ದ ಶಂಭುಲಿಂಗ ಒಂದು ಹೆಜ್ಜೆ ಹಿಂದೆ ಸರಿದ.

"ಅರಿಷಿಣ ಯಾರು ಹಾಕಿದ್ರಿ?"

ಈ ಕಡೆ ಇದು ಹಳೆಯ ಉಪಾಯ. ರೇಡಿಯೇಟರ್ ಸೋರಿದರೆ ಅಡುಗೆಮನೆಯ ಅರಿಶಿನ ತಂದು ನೀರಿಗೆ ಸುರಿಯುತ್ತಾರೆ. ಪುಡಿ ತೂತಿಗೆ ಮೆತ್ತಿಕೊಂಡು ಸೋರುವುದು ನಿಲ್ಲುತ್ತದೆ. ಜಾಸ್ತಿ ಬಿದ್ದರೆ ಒಳಗಿನ ಕೊಳವೆಗಳೇ ಕಟ್ಟಿ ಎಂಜಿನ್ ಕಾಯತೊಡಗುತ್ತದೆ. ಕೆಮ್ಮಿಗೆ ಮದ್ದು ಕೊಟ್ಟು ಜ್ವರ ತರಿಸಿಕೊಂಡ ಹಾಗೆ.

"ನಾನ ಹಾಕೇನ್ರಿ," ಎಂದ ಶಂಭುಲಿಂಗ. "ಒಂದ ಚಮಚ. ಸಣ್ಣ ತೂತಿತ್ತು, ಮುಚ್ಚೇತಿ."

"ಒಂದ ಚಮಚ," ಎಂದು ದಸ್ತಗೀರಸಾಬ ತಲೆಯಾಡಿಸಿ ಬಾನೆಟ್ ಮುಚ್ಚಿದ. ತೆರೆದವನೂ ಅವನೇ. ಕೊಂಡಿ ಎಲ್ಲಿದೆಯೆಂದು ಶಂಭುಲಿಂಗ ತಡಕಾಡುತ್ತಿದ್ದಾಗ, ಮುದುಕ ಸಂದಿಗೆ ಎರಡು ಬೆರಳು ತೂರಿಸಿ ಎತ್ತಿಬಿಟ್ಟಿದ್ದ. ಗಿರಾಕಿ ಪಳಗಿದವನು ಎಂದು ಶಂಭುಲಿಂಗ ಆಗಲೇ ಹೆದರಿದ್ದ.

ಪಿಕಪ್ಪನ್ನು ಇವತ್ತೇ ಕೈಬಿಡಬೇಕಿತ್ತು. ಹೊಸ ಬಣ್ಣ ಹೊಡೆಸಿ, ಮೊಬೈಲಿನಲ್ಲಿ ಫೋಟೊ ಹಾಕಿದ ಮೇಲೆ ಬಂದ ಒಬ್ಬನೇ ಗಿರಾಕಿ ಈ ಮುದುಕ. ಚಿಕ್ಕೇರೂರಿನೊಳಗೆ ಒಂದು ಸುತ್ತು ಹಾಕಿಸಿದರೆ ಗಾಡಿ ಕಾಯುವುದಿಲ್ಲ. ದೂರ ಹೋದರೆ ಗುಟ್ಟು ರಟ್ಟು.

"ನಿಮ್ದ ಗಾಡಿ ಅಂತ ತಿಳಕೊಂಡ ಓಡಸ್ರಿ," ಎಂದು ಕೀಲಿ ಕೊಟ್ಟ.

"ಹಂಗ ತಿಳಕೊಂಡ ಓಡಸ್ತೇನಿ," ಎಂದ ಮುದುಕ, ಊರ ಸುತ್ತು ಬಿಟ್ಟು ಹಾನಗಲ್ಲಿನ ರಸ್ತೆಗೆ ತಿರುಗಿಸಿದ.

"ಅಷ್ಟ ದೂರ ಯಾಕ್ರಿ?"

"ಸವಣೂರಿಂದ ಯಲವಿಗಿ ಸ್ಟೇಷನ್ನಿಗೆ ವೀಳ್ಯದೆಲಿ ಹೇರಾಂವ ನಾನು. ದೂರ ಓಡಿಸೇ ನೋಡಬೇಕು."

ಸವಣೂರೆಂದ ಕೂಡಲೇ ಶಂಭುಲಿಂಗ ಕಿಟಕಿಯ ಕಡೆ ಮುಖ ತಿರುಗಿಸಿದ. ಹಾಗೇ ಹೊರಗೆ ನೋಡುತ್ತ ಕೇಳಿದ, "ಮೊದಲ ಗಾಡಿ ಇದ್ದಿಲ್ಲೇನ್ರಿ?"

"ಇತ್ತು. ಕೈಬಿಟ್ಟು ಹೋತು."

ಅರ್ಧ ದಾರಿಗೆ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಏರತೊಡಗಿತು. ಶಂಭುಲಿಂಗ ರಸ್ತೆ ನೋಡಿದ, ಹೊಲ ನೋಡಿದ, ಮತ್ತೆ ಮುಳ್ಳನ್ನೇ ನೋಡಿದ. "ಆ ಮೀಟರ್ ಕೆಟ್ಟೈತ್ರಿ," ಎಂದ. ಮುದುಕ, ತಿರುಗಿಸುವ ಗುಂಡಿ ಕಿತ್ತುಹೋಗಿದ್ದ ಹೀಟರಿನ ಕಡ್ಡಿಯನ್ನು ನೋಡದೆಯೇ ಹಿಡಿದು ಪೂರ್ತಿ ತಿರುಗಿಸಿದ. ಆ ಬೇಸಿಗೆಯಲ್ಲಿ, ಆ ಮಧ್ಯಾಹ್ನದಲ್ಲಿ, ಒಲೆಯ ಬಾಯಿಂದ ಬಂದಂತೆ ಬಿಸಿಗಾಳಿ ಮುಖಕ್ಕೆ ಹೊಡೆಯಿತು.

"ನಿಲ್ಲಸ್ರಿ. ನೀರ ಹಾಕೂಣು."

"ನಿಲ್ಲಿಸಿದ್ರ ಮತ್ತ ಚಾಲೂ ಆಗಾಂಗಿಲ್ಲ. ಎಂಜಿನ್ನಿನ ಬಿಸಿ ನಾವು ತಗೊಂಡ್ರ ಮುಳ್ಳು ಇಳೀತೈತಿ. ಕುಂತ್ಕೋರಿ."

ಮುಳ್ಳು ಇಳಿಯಿತು. ಶಂಭುಲಿಂಗ ಬೆವರಿನಲ್ಲಿ ಮಿಂದ. ಬಿಸಿ ತುಪ್ಪ ಬಾಯಿಗೆ ಬಿದ್ದಿತ್ತು. ನುಂಗುವಂತಿಲ್ಲ, ಉಗುಳುವಂತಿಲ್ಲ.

"ಒಂದ ಚಮಚಕ್ಕ ಇಷ್ಟ ಕಾಯಾಂಗಿಲ್ರಿ," ಎಂದ ದಸ್ತಗೀರಸಾಬ. "ಒಂದ ಮುಷ್ಟಿ ಬಿದ್ದೈತಿ."

"ನಮ್ಮ ಮನಿಯಾಕಿ ಹಾಕಿರಬೇಕ್ರಿ."

"ಹೆಂಗಸರ ಕೈ ದೊಡ್ಡದು. ನಮ್ಮ ಮನಿಯಾಕಿ ಹಾಜರಾಬಿದೂ ಹಂಗ."

ಶಂಭುಲಿಂಗನಿಗೆ ಇನ್ನು ತಡೆಯಲಾಗಲಿಲ್ಲ. ಅಳು ಬರುವಷ್ಟು ಸಾಕಾಗಿತ್ತು. "ಗಾಡಿ ಕಾಯ್ತೈತಿ, ಖರೆ ಐತ್ರಿ. ನಿಮಗ ತಿಳಿದಷ್ಟ ಕೊಡ್ರಿ. ನನ್ನ ಇಲ್ಲೇ ಇಳಿಸಿ ನೀವ ಒಯ್ರಿ."

"ಒಯ್ಯಾಕ ಬಂದೇನಿ," ಎಂದ ಮುದುಕ. ನಿಲ್ಲಿಸಲಿಲ್ಲ.

ಹಾನಗಲ್ಲು ಬಂತು. ಗ್ಯಾರೇಜುಗಳು ಒಂದೊಂದಾಗಿ ಹಿಂದೆ ಸರಿದವು. ಅಲ್ಲಾದರೂ ನಿಂತೀತು ಎಂದುಕೊಂಡಿದ್ದ ಶಂಭುಲಿಂಗ ಬಾಯಿ ತೆರೆಯುವಷ್ಟರಲ್ಲಿ ಪಿಕಪ್ ಪೊಲೀಸ್ ಠಾಣೆಯ ಅಂಗಳಕ್ಕೆ ತಿರುಗಿ ನಿಂತಿತು. ಮುದುಕ ಕೀಲಿ ಕಿತ್ತುಕೊಂಡು ಇಳಿದ. ಶಂಭುಲಿಂಗ ತನ್ನ ಕಡೆಯ ಬಾಗಿಲಿನ ಹಿಡಿಕೆ ಎಳೆದ. ಮತ್ತೆ ಎಳೆದ. ಅದು ಸಡಿಲವಾಗಿ ಕೈಯಲ್ಲಿ ಆಡಿತೇ ಹೊರತು ಬಾಗಿಲು ತೆರೆಯಲಿಲ್ಲ. ಇಬ್ಬರು ಪೊಲೀಸರು ಹತ್ತಿರ ಬಂದರು.

"ಹೊರಗಿಂದ ತಗೀರಿ ಸಾಹೇಬ್ರ," ಎಂದ ದಸ್ತಗೀರಸಾಬ. "ನಾ ಕೊಂಡ ದಿನದಿಂದ ನನ್ನ ಗಾಡಿಯ ಆ ಬಾಗಲಾ ಒಳಗಿಂದ ತಗ್ಯಾಂಗಿಲ್ಲ."