ಅಜ್ಜಿ ಮುಟ್ಟಿದ ವಿಮಾನ

ಸೀಮೆಎಣ್ಣೆಯ ವಾಸನೆ ಬಂದರೆ ನನಗೆ ಈಗಲೂ ಆ ವಿಮಾನ ನೆನಪಾಗುತ್ತದೆ. ನಮ್ಮೂರು ಮಾಣಿಯಿಂದ ಬಾಡಿಗೆ ವ್ಯಾನಿನಲ್ಲಿ ಸ್ಟವ್, ಕುಚ್ಚಲಕ್ಕಿ, ಪಾತ್ರೆಗಳನ್ನೆಲ್ಲ ಹೇರಿಕೊಂಡು ಬೆಂಗಳೂರು ನೋಡಲು ಹೋಗಿದ್ದೆವು. ಕುವೈತಿನಲ್ಲಿದ್ದ ಚಿಕ್ಕಪ್ಪನ ಕಾಗದ, ಅಲ್ಲಿ ಯುದ್ಧ ಶುರುವಾದ ಮೇಲೆ ಬಂದಿರಲಿಲ್ಲ. ಆ ಮಾತನ್ನು ದಾರಿಯುದ್ದಕ್ಕೂ ಯಾರೂ ಎತ್ತಲಿಲ್ಲ.

ವಸ್ತುಸಂಗ್ರಹಾಲಯದ ಅಂಗಳದಲ್ಲಿ ನಿಂತಿದ್ದ ಹಳೆಯ ಯುದ್ಧವಿಮಾನದ ಎದುರು ಅಜ್ಜಿ ಚಪ್ಪಲಿ ಕಳಚಿದರು. ಸ್ಟವ್ ಹೊತ್ತಿಸಿ ಸೀಮೆಎಣ್ಣೆ ನಾರುತ್ತಿದ್ದ ಕೈಯಲ್ಲೇ, ಬಿಸಿಲಿಗೆ ಕಾದ ಅದರ ಹೊಟ್ಟೆಯನ್ನು ಸವರಿ ಕಣ್ಣಿಗೆ ಒತ್ತಿಕೊಂಡರು.

ಅಪ್ಪ ನಕ್ಕರು. "ಇದೆಂತ ಅಮ್ಮ, ದೇವಸ್ಥಾನವಾ? ಬಾಂಬು ಹಾಕುವ ವಿಮಾನ ಇದು."

"ಎಂತದ್ದೇ ಆಗಲಿ," ಅಂದರು ಅಜ್ಜಿ. "ಯುದ್ಧ ನಡೆಯುವಲ್ಲಿಗೆ ಹೋಗಿ ವಾಪಸ್ ಬಂದದ್ದು ಹೌದಲ್ಲ?"

ಅಪ್ಪನೂ ಚಪ್ಪಲಿ ಕಳಚಿದರು.