ನೆಲ ಮುಟ್ಟದ ಪಾದ

ಗಿರಣಿಗೆ ಹೋಗುವ ಹನ್ನೆರಡು ಮೈಲಿ ದಾರಿಯಲ್ಲಿ ಪಾದ ನೆಲ ಮುಟ್ಟಿದವರು ಮಾತ್ರ ಮನುಷ್ಯರು. ಹೊತ್ತದ್ದೆಲ್ಲ ಸರಕು, ಸರಕು ಗೇಟಿನ ಪಕ್ಕದ ಸುರಂಗದೊಳಗೆ ಓಡುವ ರಬ್ಬರ್ ಪಟ್ಟಿಯ ಮೇಲೆಯೇ ಹೋಗಬೇಕು. ಫಕೀರವ್ವ ಒಂದೂವರೆ ವರ್ಷದ ಮಗಳನ್ನು ಸೀರೆಯ ಜೋಳಿಗೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು ಗೇಟಿಗೆ ಬಂದಳು.

“ಕೂಸನ್ನ ಬಿಚ್ಚಿ ಪಟ್ಟಿ ಮ್ಯಾಲ ಇಡಬೇ,” ಎಂದ ಎತ್ತರದ ಕುರ್ಚಿಯಲ್ಲಿ ಕೂತ ಕಾವಲುಗಾರ.

“ಹೋದ ವಾರ ನೀಲವ್ವನ ಮಗ ಇದರಾಗ ಕೈ ಮುರಕೊಂಡಾನ. ನಾ ಇಡಂಗಿಲ್ಲ.”

“ಹಂಗಾರ ನಡಸು.”

“ಹನ್ನೆರಡು ಮೈಲಿ? ನಿನ್ನ ಮಗಳನ್ನ ನಡಸ್ತೀಯೇನೋ?”

“ಪಾದ ನೆಲ ಮುಟ್ಟದಿದ್ರ ಸರಕು. ಕಾಯ್ದೆ ಅಂದ್ರ ಕಾಯ್ದೆ.”

ಫಕೀರವ್ವ ಕುರ್ಚಿಯ ಕೆಳಗೆ ನೋಡಿದಳು. ಅವನ ಬೂಟುಗಳು ನೆಲದಿಂದ ಗೇಣು ಮೇಲೆ ಜೋತಾಡುತ್ತಿದ್ದವು.

“ಬರ್ರೇ ಎಲ್ಲಾರೂ!” ಎಂದು ತನ್ನಂತೆಯೇ ಕೂಸು ಕಟ್ಟಿಕೊಂಡು ಹಿಂದೆ ಸಾಲಿನಲ್ಲಿ ನಿಂತಿದ್ದ ಹೆಂಗಸರನ್ನು ಕೂಗಿದಳು. “ಇಲ್ಲೊಂದು ಸರಕು ಉಳದೈತಿ!”

ಎಂಟು ಕೈಗಳು ಕುರ್ಚಿ ಸಮೇತ ಅವನನ್ನು ಎತ್ತಿ ಪಟ್ಟಿಯ ಮೇಲಿಟ್ಟವು. ಅವನ ಬೊಬ್ಬೆ ಸುರಂಗದೊಳಗೆ ದೂರವಾಗುತ್ತಿದ್ದಂತೆ ಜೋಳಿಗೆಗಳೆಲ್ಲ ಗೇಟು ದಾಟಿದವು.