ನಡುಮನೆಯ ಗೋಡೆ

ಪರದೆಯ ಮೇಲಿನ ನಕ್ಷೆಯಲ್ಲಿ ಗೆರೆ ಎಳೆದರೆ ಮನೆಯಲ್ಲಿ ಗೋಡೆ ಏಳುವ ಕಾಲ ಅದು. ಸಹಾಯವಾಣಿಯ ಈರಪ್ಪ ಮಧ್ಯಾಹ್ನದ ಬುತ್ತಿ ಬಿಚ್ಚುವಾಗ ಗದುಗಿನ ನೀಲವ್ವನ ಕರೆ ಬಂತು.

“ತಮ್ಮಾ, ಮಾಳಿಗಿ ಎರಡು ಹೋಳಾಗಿ ನಿಂತೈತಿ. ನಿನ್ನೆ ಮಳಿ ಹಿಟ್ಟಿನ ಡಬ್ಬಿಯೊಳಗ ಬಿತ್ತು.”

ಈರಪ್ಪ ಅವಳ ಮನೆಯ ನಕ್ಷೆ ತೆರೆದ. ನಡುಮನೆಯ ಮಧ್ಯದಲ್ಲಿ ಎದ್ದ ಗೋಡೆಯೊಂದು ಮಾಳಿಗೆಯ ಚಾವಣಿಯನ್ನು ಸೀಳಿಕೊಂಡು ಮೇಲೆ ಹೋಗಿತ್ತು.

“ಇದನ್ನ ಯಾರು ಎಳದ್ರು ಯವ್ವಾ?”

“ನಾನ. ಅಕ್ಕನ ಮಾರಿ ನೋಡಬಾರದಂತ. ನಮಗ ಮಾತಿಲ್ಲ.”

“ಇದನ್ನ ತಗದ್ರ ಮಾಳಿಗಿ ಕೂಡತೈತ್ರಿ” ಎಂದು ಅವನು ಅಳಿಸಲು ಹೋದ. ‘ಗೋಡೆಗೆ ಇಬ್ಬರು ಒರಗಿದ್ದಾರೆ. ಮುಟ್ಟಲಾಗದು’ ಎಂದಿತು ಪರದೆ. ದಿನಾ ಬರುವ ತೊಂದರೆಯೇ.

“ಸ್ವಲ್ಪ ಸರೀರಿ ಯವ್ವಾ.”

ನೀಲವ್ವ ಸರಿದಳು. ‘ಒಬ್ಬರು ಒರಗಿದ್ದಾರೆ’ ಎಂದಿತು.

“ಆ ಕಡೆ ನಿಮ್ಮಕ್ಕ ಇರಬೇಕು. ಸರಿಯಾಕ ಹೇಳ್ರಿ.”

ಈರಪ್ಪ ಅವಸರ ಮಾಡಲಿಲ್ಲ. ಕೊನೆಗೆ ಗೋಡೆ ತಟ್ಟಿದ ಸದ್ದು ಬಂತು.

“ಅಕ್ಕಾ, ಸ್ವಲ್ಪ ಸರಿ.”

ಗೋಡೆಯಾಚೆಯಿಂದ ಮಂದವಾಗಿ ಉತ್ತರ ಬಂತು. “ದಿನಾ ಇಲ್ಲೇ ಕುಂದರತೀನಿ. ಇವತ್ತ್ಯಾಕ ಸರೀಲಿ?”

“ಮತ್ತ ಮೋಡ ಆಗೇತಿ. ನಿನ್ನ ಒಲಿ ಮ್ಯಾಲೂ ಬೀಳತೈತಿ ಮಳಿ.”

“ಬೀಳಲಿ. ನಿನ್ನೆ ನೀ ಹಿಟ್ಟು ಹೋತಂತ ಅತ್ತಿದ್ದು ಕೇಳಿಸ್ತು. ಡಬ್ಬಿ ಮುಚ್ಚಿಡಾಕ ಏನಾಗಿತ್ತು ನಿನಗ?”

“ಮುಚ್ಚಳ ನಿನ್ನ ಕಡೆ ಐತಿ.”

ಈರಪ್ಪ ಪರದೆ ನೋಡಿದ. ‘ಗೋಡೆಗೆ ಇಬ್ಬರು ಒರಗಿದ್ದಾರೆ’ ಎಂದು ಮತ್ತೆ ಬರೆದಿತ್ತು. ಅವನು ಕರೆ ಕಡಿಯದೆ, ಸದ್ದಾಗದ ಹಾಗೆ ರೊಟ್ಟಿ ಮುರಿದ.